ಟುಕ್ಮಿಯಾಫ್ದಮ್: ಇಂಗ್ಲಿಷ್ ಭೂತಕಾಲವನ್ನು ಬಿಡಿಸಿ ಬರೆದ ಅನುಭವ

ಬ್ರಿಟನ್, ಐರ್ಲೆಂಡ್ ಅಥವಾ ಆಸ್ಟ್ರೇಲಿಯಾದಲ್ಲಿ ನರ್ಸ್ ಆಗಿ ನೋಂದಣಿ ಪಡೆಯಬೇಕೆಂದರೆ ನಮ್ಮಂಥವರು ಇಂಗ್ಲಿಷ್ ಬರುತ್ತದೆ ಎಂಬುದನ್ನು ಪರೀಕ್ಷೆ ಬರೆದು ತೋರಿಸಬೇಕು. ನಾನು ಆಯ್ದುಕೊಂಡದ್ದು ಆರೋಗ್ಯ ಕ್ಷೇತ್ರದವರಿಗೆಂದೇ ಇರುವ ಆಕ್ಯುಪೇಷನಲ್ ಇಂಗ್ಲಿಷ್ ಟೆಸ್ಟ್. ದಾವಣಗೆರೆಯ ಆಸ್ಪತ್ರೆಗಳ ಡ್ಯೂಟಿ ರೂಮುಗಳಲ್ಲಿ ಅದಕ್ಕೆ ಓಇಟಿ ಎಂದೇ ಹೆಸರು. ಓದುವುದು, ಬರೆಯುವುದು, ಮಾತನಾಡುವುದು, ಆಲಿಸುವುದು ಎಂಬ ನಾಲ್ಕು ಭಾಗಗಳಲ್ಲಿ ಮೊದಲ ಎರಡರ ಬಗ್ಗೆ ನಾನು ಹೇಳಬೇಕಾದದ್ದು ಹೆಚ್ಚೇನಿಲ್ಲ. ಆಲಿಸುವ ಭಾಗದ 42 ಪ್ರಶ್ನೆಗಳಲ್ಲಿ 24 ಪ್ರಶ್ನೆಗಳು ರೋಗಿಗಳು ತಮ್ಮ ಕಾಯಿಲೆಯ ಕಥೆ ಹೇಳಿಕೊಳ್ಳುವ ಎರಡು ಸಂಭಾಷಣೆಗಳಿಗೆ ಸೇರಿದವು; ಅವನ್ನು ಒಂದೇ ಸಲ ಕೇಳಿಸುತ್ತಾರೆ, ಕೇಳುತ್ತ ಕೇಳುತ್ತಲೇ ಟಿಪ್ಪಣಿಯ ಖಾಲಿ ಜಾಗಗಳನ್ನು ತುಂಬುತ್ತ ಹೋಗಬೇಕು. ಬ್ರಿಟನ್ನಿನ ನರ್ಸಿಂಗ್ ಮಂಡಳಿ ಈ ಭಾಗದಲ್ಲಿ ಬಿ ದರ್ಜೆಯನ್ನು, ಅಂದರೆ 500ಕ್ಕೆ 350 ಅಂಕಗಳನ್ನು ಕೇಳುತ್ತದೆ. ಕಾಯಿಲೆಯ ಕಥೆ ಎಂದರೆ ಆಗಿಹೋದದ್ದರ ಕಥೆ, ಹಾಗಾಗಿ ಸಂಭಾಷಣೆಯ ಬಹುಪಾಲು ಭೂತಕಾಲದಲ್ಲಿಯೇ ಇರುತ್ತದೆ. ನನ್ನ ತಯಾರಿಯ ಅತಿ ದೊಡ್ಡ ಪಾಲನ್ನು ನುಂಗಿದ್ದು ಈ ಭೂತಕಾಲದ ಕ್ರಿಯಾಪದಗಳು ಮತ್ತು ಅವುಗಳ ಬೆನ್ನಿಗೇ ಬರುವ ಆನ್, ಆಫ್, ಅಪ್, ಔಟ್, ಹಿಮ್, ಹರ್, ದೆಮ್, ಇಟ್ ಎಂಬ ತುಂಡು ಪದಗಳು.

ಆಸ್ಪತ್ರೆಯಲ್ಲಿ ದಿನವಿಡೀ ಇಂಗ್ಲಿಷ್ ಬಳಸುವವರಿಗೆ ಇದು ಯಾಕೆ ಕಷ್ಟವಾಗಬೇಕು ಎಂದು ಕೇಳಬಹುದು. ನಾವು ಬಳಸುವ ಇಂಗ್ಲಿಷಿನಲ್ಲಿ ಭೂತಕಾಲವೇ ಇಲ್ಲ ಎಂಬುದನ್ನು ಒಂದು ರಾತ್ರಿಪಾಳಿಯ ಹ್ಯಾಂಡೋವರ್, ಅಂದರೆ ಪಾಳಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವ ಮಾತು, ಗಮನವಿಟ್ಟು ಕೇಳಿದಾಗ ಕಂಡುಕೊಂಡೆ. “ಪೇಷಂಟನ್ನ ಐಸಿಯುಗೆ ಷಿಫ್ಟ್ ಮಾಡಿದ್ವಿ, ಆಕ್ಸಿಜನ್ ಸ್ಟಾರ್ಟ್ ಮಾಡಿದ್ರು, ಬೆಳಿಗ್ಗೆ ಕ್ಯಾಥೆಟರ್ ರಿಮೂವ್ ಮಾಡ್ಬೇಕು” ಎನ್ನುವಾಗ ಇಂಗ್ಲಿಷಿನಿಂದ ಬರುವುದು ಬರಿಯ ಧಾತು. ಕಾಲ, ಪುರುಷ, ವಚನ ಎಲ್ಲವನ್ನೂ ಹೊರುವುದು ನಮ್ಮ ‘ಮಾಡು’. ಕೇಸ್ ಶೀಟಿನಲ್ಲಿ ಬರೆಯುವಾಗಲೂ ಯಾರು ಯಾರಿಗೆ ಮಾಡಿದರು ಎಂಬುದನ್ನು ಬಿಟ್ಟು ‘ಷಿಫ್ಟೆಡ್ ಟು ವಾರ್ಡ್’ ಎಂದಷ್ಟೇ ಗೀಚುತ್ತೇವೆ, ಸರ್ವನಾಮಕ್ಕೆ ಅಲ್ಲಿ ಜಾಗವೇ ಇಲ್ಲ. ವರ್ಷಗಟ್ಟಲೆ ವಾರ್ಡಿನಲ್ಲಿ ಇಂಗ್ಲಿಷ್ ಆಡಿದ್ದರೂ ಇಂಗ್ಲಿಷ್ ಮನೆಮಾತಾದ ರೋಗಿಯೊಬ್ಬಳು ‘ನನಗೆ ಆ ಗುಳಿಗೆ ಬಿಡಿಸಿದರು’ ಎನ್ನಲು ಯಾವ ಪದಗಳನ್ನು ಹೇಗೆ ಜೋಡಿಸುತ್ತಾಳೆ ಎಂಬುದು ನನ್ನ ಕಿವಿಗೆ ಬಿದ್ದಿರಲೇ ಇಲ್ಲ.

ನಾನು ಇದ್ದದ್ದು ವಿದ್ಯಾನಗರದ ಒಂದು ಪೇಯಿಂಗ್ ಗೆಸ್ಟ್ ಮನೆಯಲ್ಲಿ. ಜೊತೆಯ ಹುಡುಗಿ ಹಿರಿಯೂರಿನ ಕಡೆಯವಳು, ಬೇರೆ ಆಸ್ಪತ್ರೆಯಲ್ಲಿ ಕೆಲಸ, ಅವಳದೂ ಇದೇ ಪರೀಕ್ಷೆ. ಪಾಳಿ ಮುಗಿಸಿ ಬಂದ ಮೇಲೆ ಇಯರ್‌ಫೋನಿನ ಒಂದು ತುದಿ ಅವಳ ಕಿವಿಗೆ, ಇನ್ನೊಂದು ನನ್ನ ಕಿವಿಗೆ ಸಿಕ್ಕಿಸಿಕೊಂಡು ಅಭ್ಯಾಸದ ಧ್ವನಿಮುದ್ರಿಕೆಗಳನ್ನು ಕೇಳುತ್ತಿದ್ದೆವು. ಅವುಗಳಲ್ಲೊಂದರಲ್ಲಿ ರಕ್ತದೊತ್ತಡದ ಹೆಂಗಸೊಬ್ಬಳು ಮೊದಲು ಕೊಟ್ಟ ಮಾತ್ರೆ, ಮೈಮೇಲೆ ಎದ್ದ ದದ್ದು, ಆಮೇಲೆ ಬದಲಾದ ಮಾತ್ರೆ ಇವುಗಳ ಬಗ್ಗೆ ಹೇಳುತ್ತಿದ್ದಳು. ಮಾತ್ರೆಯ ಹೆಸರು ಇಬ್ಬರಿಗೂ ಸ್ಪಷ್ಟವಾಗಿ ಕೇಳಿಸಿತು. ಅದರ ಆಚೀಚೆ ಇದ್ದದ್ದು ಮಾತ್ರ ಗಂಟುಗಂಟು.

“ಅಕ್ಕಾ, ಆನ್ ಅಂದ್ಲಾ, ಆಫ್ ಅಂದ್ಲಾ?” ಎಂದು ಅವಳು ಕೇಳಿದಳು.

“ಎರಡೂ ಅಂದ್ಲು ಕಣೇ. ಯಾವ ಮಾತ್ರೆಗೆ ಯಾವುದು ಅನ್ನೋದೇ ಗೊತ್ತಾಗ್ಲಿಲ್ಲ.”

ವೇಗವನ್ನು ಮುಕ್ಕಾಲಿಗೆ ಇಳಿಸಿ ಮತ್ತೆ ಕೇಳಿದಾಗ ಒಂದು ಕಡೆ ‘ಪುಮ್ಮಿಯಾನ್’ ಎಂದೂ ಇನ್ನೊಂದು ಕಡೆ ‘ಟುಕ್ಮಿಯಾಫ್ದಮ್’ ಎಂದೂ ಕಿವಿಗೆ ಬಿತ್ತು. ಇವು ಯಾವ ನಿಘಂಟಿನಲ್ಲಿಯೂ ಸಿಗುವ ಪದಗಳಲ್ಲ. ನಾನು ಏನೂ ಯೋಚಿಸದೆ ಅವನ್ನು ಕೇಳಿಸಿದ ಹಾಗೆಯೇ ಕನ್ನಡ ಅಕ್ಷರಗಳಲ್ಲಿ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದೆ, ಏಕೆಂದರೆ ಇಂಗ್ಲಿಷ್ ಕಾಗುಣಿತದಲ್ಲಿ ಬರೆಯಲು ಹೊರಟರೆ ಮೊದಲು ಪದ ಯಾವುದೆಂದು ಗೊತ್ತಿರಬೇಕು. ಕನ್ನಡದಲ್ಲಿ ಸದ್ದು ಗೊತ್ತಿದ್ದರೆ ಸಾಕು. ಬರೆದದ್ದನ್ನು ನೋಡಿದರೆ ಅದು ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯ ‘ಈ ಪದಗಳನ್ನು ಬಿಡಿಸಿ, ಸಂಧಿಯನ್ನು ಹೆಸರಿಸಿ’ ಎಂಬ ಪ್ರಶ್ನೆಯ ಕೆಳಗೆ ಕೂರಿಸಬಹುದಾದಂತಿತ್ತು. ಬಿಡಿಸಿದರೆ ಮೊದಲನೆಯದು ‘ಪುಟ್ ಮಿ ಆನ್’, ಅಂದರೆ ನನಗೆ ಆ ಮಾತ್ರೆ ಶುರು ಮಾಡಿದರು; ಎರಡನೆಯದು ‘ಟುಕ್ ಮಿ ಆಫ್ ದೆಮ್’, ಅಂದರೆ ನನಗೆ ಆ ಮಾತ್ರೆಗಳನ್ನು ಬಿಡಿಸಿದರು. ಅಲ್ಲಿಂದ ಮುಂದೆ ನಮ್ಮ ಅಭ್ಯಾಸದ ಕ್ರಮ ತಾನಾಗಿ ರೂಪುಗೊಂಡಿತು. ಧ್ವನಿಯನ್ನು ತುಂಡು ತುಂಡಾಗಿ ಕೇಳುವುದು, ಸದ್ದನ್ನು ಕನ್ನಡದಲ್ಲಿ ಬರೆಯುವುದು, ಅದನ್ನು ಬಿಡಿಸುವುದು, ಬಿಡಿಸಿದ್ದನ್ನು ಮುದ್ರಿತ ಪಠ್ಯದೊಡನೆ ತಾಳೆ ನೋಡುವುದು, ಕೊನೆಗೆ ಪುಸ್ತಕ ಮುಚ್ಚಿ ಅದೇ ವೇಗದಲ್ಲಿ ಬಾಯಿಬಿಟ್ಟು ಹೇಳುವುದು.

ಹೀಗೆ ಬಿಡಿಸುತ್ತ ಹೋದಂತೆ ಇಂಗ್ಲಿಷಿನವರು ಮಾಡುವುದರಲ್ಲಿ ಒಂದಷ್ಟು ನಮಗೆ ಹೈಸ್ಕೂಲಿನಲ್ಲಿಯೇ ಕಲಿಸಿದ ವ್ಯಾಕರಣ ಎಂಬುದು ಕಾಣತೊಡಗಿತು. ‘ಮನೆ’ಗೆ ‘ಅಲ್ಲಿ’ ಸೇರಿದಾಗ ನಡುವೆ ಯಕಾರ ಬಂದು ‘ಮನೆಯಲ್ಲಿ’ ಆಗುತ್ತದೆ, ‘ಗುರು’ವಿಗೆ ‘ಅನ್ನು’ ಸೇರಿದಾಗ ವಕಾರ ಬಂದು ‘ಗುರುವನ್ನು’ ಆಗುತ್ತದೆ. ಇದು ಆಗಮ ಸಂಧಿ. ‘ಮಿ’ಯ ಮುಂದೆ ‘ಆನ್’ ಬಂದಾಗ ‘ಮಿಯಾನ್’ ಆಗುವುದು ಇದೇ ಯಕಾರಾಗಮ. ನುಂಗಿದ ಮಾತ್ರೆ ವಾಂತಿಯಾಗಿ ಹೊರಬಂತು ಎನ್ನಲು ರೋಗಿಗಳು ಬಳಸುವ ‘ಥ್ರೂ ಇಟ್ ಅಪ್’ ಎಂಬುದು ‘ಥ್ರೂವಿಟಪ್’ ಎಂದು ಕೇಳಿಸುವುದು ಇದೇ ವಕಾರಾಗಮ. ಇಷ್ಟರಮಟ್ಟಿಗೆ ಸ್ವರಗಳ ಲೆಕ್ಕವೂ ಹೆಚ್ಚುಕಡಿಮೆ ಒಂದೇ: ಇಕಾರದ ಜಾತಿಯ ಸ್ವರದ ಮುಂದೆ ಯ, ಉಕಾರದ ಜಾತಿಯ ಸ್ವರದ ಮುಂದೆ ವ. ನಮ್ಮಲ್ಲಿ ಇಲ್ಲದ್ದು ಬ್ರಿಟಿಷರ ರಕಾರಾಗಮ. ‘ನೋಡಿದೆ ಅದನ್ನು’ ಎಂಬರ್ಥದ ‘ಸಾ ಇಟ್’ ಅವರಲ್ಲಿ ಹಲವರ ಬಾಯಲ್ಲಿ ‘ಸಾರಿಟ್’ ಆಗುತ್ತದೆ, ಬರವಣಿಗೆಯಲ್ಲಿ ರಕಾರದ ಸುಳಿವೂ ಇರುವುದಿಲ್ಲ. ಮೊದಲ ಸಲ ಇದನ್ನು ಕೇಳಿದಾಗ ಕ್ಷಮೆ ಕೇಳುತ್ತಿದ್ದಾರೆಯೇ ಎಂದು ನನ್ನ ಜೊತೆಗಾತಿಗೆ ಅನ್ನಿಸಿತಂತೆ.

ಭೂತಕಾಲದ ಪ್ರತ್ಯಯದ ವಿಷಯವೂ ಹೀಗೆಯೇ. ಇ-ಡಿ ಎಂದು ಬರೆಯುವ ಪ್ರತ್ಯಯಕ್ಕೆ ಮೂರು ಉಚ್ಚಾರಣೆಗಳಿವೆ. ಧಾತುವಿನ ಕೊನೆಯಲ್ಲಿ ಕ್, ಪ್, ಫ್, ಸ್, ಶ್, ಚ್ ಮುಂತಾದ, ಗಂಟಲು ಕಂಪಿಸದ ಅಘೋಷ ಧ್ವನಿಯಿದ್ದರೆ ಅದು ‘ಟ್’ ಆಗುತ್ತದೆ: ಲುಕ್ಟ್, ಸ್ಟಾಪ್ಟ್, ಕಾಫ್ಟ್. ಸ್ವರವೋ ಘೋಷ ವ್ಯಂಜನವೋ ಇದ್ದರೆ ‘ಡ್’: ಕಾಲ್ಡ್, ಟ್ರೈಡ್, ಮೂವ್ಡ್. ಟ್ ಅಥವಾ ಡ್ ಇದ್ದರೆ ಮಾತ್ರ ಒಂದು ಪೂರ್ತಿ ಉಚ್ಚಾರಾಂಶ ಸೇರಿ ‘ಇಡ್’: ವಾಮಿಟಿಡ್, ನೀಡಿಡ್. ಕನ್ನಡದ ಭೂತಕಾಲದ ದಕಾರವೂ ಎಲ್ಲ ಕಡೆ ದಕಾರವಾಗಿ ಉಳಿಯುವುದಿಲ್ಲ. ಮಾಡಿದ, ಕಲಿತ, ಕಂಡ, ಇಟ್ಟ ಎಂದು ಧಾತುವಿಗೆ ತಕ್ಕಂತೆ ವೇಷ ಬದಲಿಸುತ್ತದೆ. ನಾವು ಶಾಲೆಯಲ್ಲಿ ‘ಲುಕಡ್’, ‘ಸ್ಟಾಪಡ್’ ಎಂದು ಕಲಿತದ್ದರಿಂದ, ಕಿವಿಯು ಆ ‘ಅಡ್’ಗಾಗಿ ಕಾಯುತ್ತ ಕೂರುತ್ತಿತ್ತು. ಅದು ಬರುತ್ತಲೇ ಇರಲಿಲ್ಲ. ಬರುತ್ತಿದ್ದ ಒಂಟಿ ‘ಟ್’ ಮುಂದಿನ ಪದದ ಸ್ವರವನ್ನು ಹಿಡಿದುಕೊಂಡು ಆ ಪದದ ಮೊದಲ ಅಕ್ಷರವಾಗಿಬಿಡುತ್ತಿತ್ತು. ‘ಸ್ಟಾಪ್ಡ್ ಇಟ್’ ಎಂಬುದು ‘ಸ್ಟಾಪ್-ಟಿಟ್’, ‘ಲುಕ್ಡ್ ಅಟ್ ಇಟ್’ ಎಂಬುದು ‘ಲುಕ್-ಟ-ಟಿಟ್’. ಟಿಟ್ ಎಂದರೇನು ಎಂದು ಹುಡುಕಿದರೆ ಏನು ಸಿಕ್ಕೀತು!

ಇಷ್ಟೆಲ್ಲ ಸದ್ದಿನ ಮಾತಾಯಿತು, ಇದು ಅಭ್ಯಾಸದಿಂದ ಬಂತು. ಬಹಳ ದಿನ ಕಾಡಿದ್ದು ಇನ್ನೊಂದು. ಕನ್ನಡದಲ್ಲಿ ಕ್ರಿಯಾಪದದ ಬಾಲವನ್ನು ನೋಡಿದರೆ ಕೆಲಸ ಮಾಡಿದವರು ಯಾರೆಂದು ಗೊತ್ತಾಗುತ್ತದೆ. ಬಂದೆನು ಎಂದರೆ ನಾನು, ಬಂದಳು ಎಂದರೆ ಅವಳು. ಅದಕ್ಕೇ ಮಾತಿನಲ್ಲಿ ನಾನು, ಅವಳು ಎಂಬುದನ್ನು ಬಿಟ್ಟರೂ ನಡೆಯುತ್ತದೆ. ಹುಟ್ಟಿದಾಗಿನಿಂದ ಹೀಗೆ ಪಳಗಿದ ಕಿವಿ ಯಾವ ಕ್ರಿಯಾಪದವನ್ನು ಕೇಳಿದರೂ ಅದರ ತುದಿಯಲ್ಲಿ ಕರ್ತೃವನ್ನೇ ಹುಡುಕುತ್ತದೆ. ಇಂಗ್ಲಿಷ್ ಭೂತಕಾಲದ ಕ್ರಿಯಾಪದಕ್ಕೆ, ‘ವಾಸ್’, ‘ವರ್’ಗಳನ್ನು ಬಿಟ್ಟರೆ, ಕರ್ತೃವನ್ನು ತೋರಿಸುವ ಬಾಲವೇ ಇಲ್ಲ. ಆದರೆ ಮಾತಿನ ಓಟದಲ್ಲಿ ‘ಹಿಮ್’, ‘ಹರ್’, ‘ದೆಮ್’ ಎಂಬ ಸರ್ವನಾಮಗಳು ಒತ್ತಡವಿಲ್ಲದೆ ಸವೆದು ‘ಇಮ್’, ‘ಅರ್’, ‘ಅಮ್’ ಆಗಿ ಕ್ರಿಯಾಪದಕ್ಕೆ ಅಂಟಿಕೊಳ್ಳುತ್ತವೆ, ಹೊಸದೊಂದು ಬಾಲ ಬೆಳೆದಂತೆ ಕೇಳಿಸುತ್ತದೆ. ಆ ಬಾಲ ಹೇಳುವುದು ಕೆಲಸ ಯಾರ ಮೇಲೆ ನಡೆಯಿತು ಎಂಬುದನ್ನು. ಅಂದರೆ ನಮ್ಮ ಕಿವಿ ಕರ್ತೃವನ್ನು ಹುಡುಕುವ ಜಾಗದಲ್ಲಿಯೇ ಅವರು ಕರ್ಮವನ್ನು ಇಟ್ಟಿರುತ್ತಾರೆ.

ಆಲಿಸುವ ಪರೀಕ್ಷೆಯ ಎರಡನೆಯ ಹಂತದಲ್ಲಿ ಆಸ್ಪತ್ರೆಯ ಕೆಲಸದ ನಡುವಿನ ಆರು ಚಿಕ್ಕ ಮಾತುಕತೆಗಳಿರುತ್ತವೆ. ಅಂಥದೇ ಅಭ್ಯಾಸದ ಒಂದು ಹ್ಯಾಂಡೋವರಿನಲ್ಲಿ ನರ್ಸ್ ‘ಸ್ಯಾಟಿಮಪ್’ ಎಂದಳು. ‘ಹಿ ಸ್ಯಾಟ್ ಅಪ್’ ಎಂದಿದ್ದರೆ ರೋಗಿ ತಾನೇ ಎದ್ದು ಕುಳಿತ ಎಂದರ್ಥ. ‘ಸ್ಯಾಟ್ ಹಿಮ್ ಅಪ್’ ಎಂದರೆ ಬೇರೆಯವರು ಅವನನ್ನು ಎಬ್ಬಿಸಿ ಕೂರಿಸಿದರು ಎಂದರ್ಥ. ಕನ್ನಡದಲ್ಲಿ ಕುಳಿತ, ಕೂರಿಸಿದರು ಎಂದು ಕ್ರಿಯಾಪದವೇ ಬೇರೆಯಾಗಿ ನಿಲ್ಲುತ್ತದೆ, ಇಸು ಪ್ರತ್ಯಯ ಆ ಕೆಲಸ ಮಾಡುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಅದೇ ಇದ್ದು, ಹಕಾರವನ್ನೂ ಕಳೆದುಕೊಂಡ ಒಂದು ‘ಇಮ್’ ಅಷ್ಟೂ ಭಾರವನ್ನು ಹೊರುತ್ತದೆ. ನಡೆದಾಡುವುದರಲ್ಲೂ ಹೀಗೆಯೇ. ‘ವಾಕ್ಡ್ ಟು ದ ಬಾತ್‌ರೂಮ್’ ಎಂದರೆ ತಾನೇ ನಡೆದು ಹೋದಳು, ‘ವಾಕ್ಡ್ ಹರ್ ಟು ದ ಬಾತ್‌ರೂಮ್’ ಎಂದರೆ ನರ್ಸ್ ಕೈಹಿಡಿದು ನಡೆಸಿಕೊಂಡು ಹೋದಳು. ಬ್ರಿಟಿಷ್ ಬಾಯಲ್ಲಿ ‘ಹರ್’ನ ಕೊನೆಯ ರ್ ಕೂಡ ಬಿದ್ದುಹೋಗುವುದರಿಂದ ಮೊದಲನೆಯದು ‘ವಾಕ್ಟ’, ಎರಡನೆಯದು ‘ವಾಕ್ಟಟ’. ಇವೆರಡರ ನಡುವಿನ ಅಂತರ ಒಂದು ಸವೆದ ಉಚ್ಚಾರಾಂಶ. ಬಿದ್ದು ಸೊಂಟ ಮುರಿದುಕೊಂಡ ಮುದುಕಿಯ ವಿಷಯದಲ್ಲಿ ತಾನೇ ನಡೆದಳೇ, ನಡೆಸಿದರೇ ಎಂಬುದು ಎಷ್ಟು ದೊಡ್ಡ ವ್ಯತ್ಯಾಸ ಎಂದು ಮೂಳೆ ವಾರ್ಡಿನಲ್ಲಿ ಕೆಲಸ ಮಾಡಿದ ಯಾರಿಗಾದರೂ ಗೊತ್ತು.

ಹಕಾರ ಬೀಳುವುದರ ಬಗ್ಗೆ ನಮಗೆ ತಕರಾರು ಇರಬಾರದು. ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಹಾಲು ‘ಆಲು’ ಆಗುವುದನ್ನೂ ಹೇಳಿದ ಎಂಬುದು ‘ಏಳಿದ’ ಆಗುವುದನ್ನೂ ಕೇಳುತ್ತಲೇ ಬೆಳೆದಿದ್ದೇವೆ. ಜಗಳೂರು, ಹರಪನಹಳ್ಳಿ, ಚನ್ನಗಿರಿ ಕಡೆಗಳಿಂದ ರಾತ್ರಿ ಗಾಡಿ ಮಾಡಿಕೊಂಡು ಬರುವವರು ಕ್ಯಾಷುಯಾಲ್ಟಿಯ ಬಾಗಿಲಲ್ಲಿ “ಗುಳಿಗಿ ತಗಂಡಿದ್ರು ಸಿಸ್ಟರ್, ವಾಂತಿ ಆತು, ಕರ್ಕಂಡ್ಬಂದ್ವಿ” ಎನ್ನುತ್ತಾರೆ. ತೆಗೆದುಕೊಂಡಿದ್ದರು ಎಂಬುದು ‘ತಗಂಡಿದ್ರು’, ಕರೆದುಕೊಂಡು ಬಂದೆವು ಎಂಬುದು ‘ಕರ್ಕಂಡ್ಬಂದ್ವಿ’. ಪರಭಾಷೆಯವರೊಬ್ಬರು ಇದನ್ನು ಪುಸ್ತಕದ ಕನ್ನಡದಿಂದ ಬಿಡಿಸಲು ಕುಳಿತರೆ ನಾವು ಪಟ್ಟ ಪಾಡನ್ನೇ ಪಡುತ್ತಾರೆ. ನಾವು ಮಾತ್ರ ಕೇಸ್ ಶೀಟಿನ ಮೇಲಿನಿಂದ ತಲೆಯೆತ್ತದೆಯೇ ಅರ್ಥ ಮಾಡಿಕೊಳ್ಳುತ್ತೇವೆ.

ಪ್ರತ್ಯಯವೇ ಪೂರ್ತಿ ಮಾಯವಾಗುವ ಜಾಗಗಳೂ ಇವೆ. ‘ಸ್ಟಾಪ್ಡ್ ಟೇಕಿಂಗ್ ದೆಮ್’ ಎನ್ನುವಾಗ ಪ್ರತ್ಯಯದ ‘ಟ್’ ಮತ್ತು ‘ಟೇಕಿಂಗ್’ನ ‘ಟ್’ ಎರಡೂ ಒಂದರೊಳಗೊಂದು ಕರಗಿ, ‘ಸ್ಟಾಪ್ ಟೇಕಿಂಗ್’ ಎಂದೇ ಕೇಳಿಸುತ್ತದೆ. ಇಲ್ಲಿ ಎಷ್ಟು ನಿಧಾನಕ್ಕೆ ಕೇಳಿದರೂ ಭೂತಕಾಲ ಕಿವಿಗೆ ಸಿಗುವುದಿಲ್ಲ, ಏಕೆಂದರೆ ಅದು ಅಲ್ಲಿ ಬಹುಮಟ್ಟಿಗೆ ಇಲ್ಲವೇ ಇಲ್ಲ. ಆದರೆ ಹೇಳುತ್ತಿರುವುದು ‘ಶಿ’ ಅಥವಾ ‘ಹಿ’ಯ ವಿಷಯವಾದರೆ ಒಂದು ಉಪಾಯವಿದೆ: ವರ್ತಮಾನಕಾಲವಾಗಿದ್ದರೆ ‘ಸ್ಟಾಪ್ಸ್’ ಎಂದು ಸಕಾರ ಬರಬೇಕಿತ್ತು, ಬರಲಿಲ್ಲ, ಆದ್ದರಿಂದ ಅದು ಭೂತಕಾಲ. ಕೇಳಿಸದೆ ಇದ್ದದ್ದರಿಂದ ಕಾಲವನ್ನು ತೀರ್ಮಾನಿಸುವ ಈ ವಿದ್ಯೆ ಹಿಡಿಸಲು ನನಗೆ ಸಮಯ ಬೇಕಾಯಿತು. ರೋಗಿ ‘ಐ’ ಎಂದು ತನ್ನ ಕಥೆಯನ್ನೇ ಹೇಳುವಾಗ ಈ ಉಪಾಯವೂ ಕೈಕೊಡುತ್ತದೆ. ಆಗ ಹೋದ ವಾರ, ಕ್ರಿಸ್‌ಮಸ್ ಹೊತ್ತಿಗೆ ಎಂಬಂಥ ಕಾಲವಾಚಕಗಳೇ ಗತಿ. ಮುಂದಿನ ಪದ ಸ್ವರದಿಂದ ಶುರುವಾಗುವುದಾದರೆ ಈ ಚಿಂತೆಯಿಲ್ಲ. ಇಟ್, ಅಪ್, ಆಫ್, ಔಟ್ ಮತ್ತು ಹಕಾರ ಕಳೆದುಕೊಂಡ ಇಮ್, ಅರ್ ಇವೆಲ್ಲ ಸ್ವರದಿಂದಲೇ ಆರಂಭವಾಗುವುದರಿಂದ, ಪ್ರತ್ಯಯದ ಟ್ ಅಥವಾ ಡ್ ಅವುಗಳ ಮೇಲೆ ಹತ್ತಿ ಕುಳಿತು ಸ್ಪಷ್ಟವಾಗಿ ಕೇಳಿಸುತ್ತದೆ. ನಮ್ಮನ್ನು ಅಷ್ಟೊಂದು ಗೋಳಾಡಿಸಿದ ಈ ತುಂಡು ಪದಗಳೇ ಭೂತಕಾಲವನ್ನು ಕಾಪಾಡುತ್ತವೆ ಎಂಬುದು ನನಗೆ ತಡವಾಗಿ ಹೊಳೆಯಿತು.

ಇನ್ನು ಪದಗಳ ಸ್ಥಾನದ ಪ್ರಶ್ನೆ. ‘ಲುಕ್ಡ್ ಆಫ್ಟರ್ ಹರ್’ ಎನ್ನುತ್ತಾರೆ, ‘ಲುಕ್ಡ್ ಹರ್ ಆಫ್ಟರ್’ ಎನ್ನುವುದಿಲ್ಲ. ‘ಥ್ರೂ ಇಟ್ ಅಪ್’ ಎನ್ನುತ್ತಾರೆ, ‘ಥ್ರೂ ಅಪ್ ಇಟ್’ ಎನ್ನುವುದಿಲ್ಲ. ಮೊದಲನೆಯದರಲ್ಲಿ ‘ಆಫ್ಟರ್’ ನಿಜವಾದ ಉಪಸರ್ಗ (ಪ್ರಿಪೊಸಿಷನ್), ತನ್ನ ಮುಂದೆ ಒಂದು ನಾಮಪದವನ್ನೋ ಸರ್ವನಾಮವನ್ನೋ ಬೇಡುತ್ತದೆ. ಎರಡನೆಯದರಲ್ಲಿ ‘ಅಪ್’ ಕ್ರಿಯಾಪದದ ಅಂಗ. ಕರ್ಮವು ನಾಮಪದವಾದರೆ ಅದರ ಹಿಂದೆಯೋ ಮುಂದೆಯೋ ನಿಲ್ಲಬಹುದು, ಸರ್ವನಾಮವಾದರೆ ಮಾತ್ರ ನಡುವೆಯೇ ಸಿಕ್ಕಿಕೊಳ್ಳಬೇಕು. ‘ಕಟ್ ಡೌನ್ ಆನ್ ಇಟ್’ ಎಂಬಂಥ ಮೂರು ತುಂಡಿನವುಗಳಲ್ಲಿ ಸರ್ವನಾಮ ಕೊನೆಗೇ ಹೋಗುತ್ತದೆ. ಈ ನಿಯಮಗಳು ಯಾವ ವ್ಯಾಕರಣ ಪುಸ್ತಕದಲ್ಲಾದರೂ ಸಿಗುತ್ತವೆ. ಆಲಿಸುವವರಿಗೆ ಅದಕ್ಕಿಂತ ಉಪಯೋಗವಾಗುವುದು ಒತ್ತಡದ ಲೆಕ್ಕ. ಕ್ರಿಯಾಪದದ ಅಂಗವಾದ ಅಪ್, ಆಫ್, ಔಟ್‌ಗಳ ಮೇಲೆ ಸಾಮಾನ್ಯವಾಗಿ ಒತ್ತಡ ಬೀಳುತ್ತದೆ, ಅವು ಪೂರ್ತಿ ಕೇಳಿಸುತ್ತವೆ. ಆ್ಯಟ್, ಟು, ಫಾರ್, ಓ-ಎಫ್ ಎಂದು ಬರೆದು ನಾವು ‘ಆಫ್’ ಎಂದೇ ಓದುವ ‘ಅವ್’ ಇಂಥ ಚಿಕ್ಕ ಉಪಸರ್ಗಗಳು ವಾಕ್ಯದ ನಡುವೆ ಸವೆದು ‘ಅಟ್’, ‘ಟ’, ‘ಫ’, ‘ಅ’ ಎಂಬ ಉಸಿರುಗಳಾಗುತ್ತವೆ. ಒತ್ತಿ ಹೇಳಿದ ತುಂಡನ್ನು ಹಿಡಿದುಕೊಂಡರೆ ಅದರ ಹಿಂದಿನ ಕ್ರಿಯಾಪದವೂ ನಡುವಿನ ಸರ್ವನಾಮವೂ ತಾವಾಗಿ ಕೈಗೆ ಸಿಗುತ್ತವೆ.

ಹಲ್ಲು ಕೀಳಿಸಿಕೊಂಡವನೊಬ್ಬನ ಕಥೆಯಲ್ಲಿ ‘ಹ್ಯಾಡಿಟೌಟ್’ ಎಂದು ಬಂದಾಗ ನಾವು ಮೊದಲು ಹಿಡಿದದ್ದು ‘ಔಟ್’. ಔಟ್ ಎಂದರೆ ಏನೋ ಹೊರಗೆ ಬಂದಿದೆ, ಹಿಂದಿನ ‘ಇಟ್’ ಹಲ್ಲು, ‘ಹ್ಯಾಡ್’ ಎಂದರೆ ಮಾಡಿಸಿಕೊಂಡದ್ದು. ಬ್ರಿಟಿಷರು ಟಾನ್ಸಿಲ್, ಅಪೆಂಡಿಕ್ಸ್ ತೆಗೆಸಿಕೊಂಡದ್ದನ್ನೂ ಹೀಗೆಯೇ ಹೇಳುತ್ತಾರೆ. ಅಪೆಂಡಿಸೆಕ್ಟಮಿ ಎಂಬ ಪದವನ್ನು ನಿದ್ದೆಯಲ್ಲಿಯೂ ಬರೆಯಬಲ್ಲ ನಾವು ಈ ಮೂರು ಪುಟ್ಟ ಪದಗಳ ಮುಂದೆ ಪೆನ್ನು ಹಿಡಿದು ಕೂತಿದ್ದೆವು. ರೋಗಿಗಳು ಲ್ಯಾಟಿನ್ ಮೂಲದ ಪದಗಳಲ್ಲಿ ಮಾತನಾಡುವುದಿಲ್ಲ ಎಂಬ ಸರಳ ಸಂಗತಿಯನ್ನು ತರಬೇತಿ ಕೇಂದ್ರಗಳು ಮೊದಲ ದಿನವೇ ಹೇಳಬೇಕು. ನಾನು ಸ್ವಲ್ಪ ಕಾಲ ಹೋಗುತ್ತಿದ್ದ ಕೇಂದ್ರದಲ್ಲಿ ರೋಗಗಳ ಪಟ್ಟಿಯನ್ನು ಉರುಹೊಡೆಸುತ್ತಿದ್ದರು, ಅದು ನಮಗೆ ಮೊದಲೇ ಬರುತ್ತಿತ್ತು.

ಡ್ ಮತ್ತು ಟ್‌ಗಳ ಮುಂದೆ ‘ಯು’ ಬಂದರೆ ‘ಟೋಲ್ಡ್ ಯು’, ‘ಪುಟ್ ಯು’ ಎಂಬವು ‘ಟೋಲ್ಜು’, ‘ಪುಚ್ಚು’ ಎಂದು ಜಕಾರ, ಚಕಾರಗಳಾಗುವುದನ್ನು ವಿವರಿಸಬೇಕಿಲ್ಲ. ಸತ್ ಮತ್ತು ಚಿತ್ ಸೇರಿ ಸಚ್ಚಿತ್ ಆಗುವುದನ್ನು ಕಲಿತವರಿಗೆ ಇದು ಅದರ ನೆಂಟನಂತೆ ಕಾಣುತ್ತದೆ. ಕೊನೆಯವರೆಗೂ ಗಟ್ಟಿಯಾಗಿ ಉಳಿದದ್ದು ‘ಇಮ್’ ಮತ್ತು ‘ಅಮ್’ಗಳ ವ್ಯತ್ಯಾಸ. ‘ಟೋಲ್ಡಿಮ್’ ಎಂದರೆ ಅವನಿಗೆ ಹೇಳಿದೆ, ‘ಟೋಲ್ಡಮ್’ ಎಂದರೆ ಅವರಿಗೆ ಹೇಳಿದೆ. ವೇಗದ ಮಾತಿನಲ್ಲಿ ಇವು ಹುಟ್ಟುಭಾಷಿಕರಿಗೂ ಬರಿಯ ಸದ್ದಿನಿಂದ ಬೇರೆಯಾಗಲಾರವು ಎಂದೇ ನನ್ನ ಅನಿಸಿಕೆ. ಹಾಗಾಗಿ ಅಲ್ಲಿ ಕಿವಿಯನ್ನು ನಂಬುವುದನ್ನು ಬಿಟ್ಟು ಕಥೆಯನ್ನು ನಂಬಿದೆ: ಹಿಂದಿನ ವಾಕ್ಯದಲ್ಲಿ ಬಂದದ್ದು ಒಬ್ಬ ಡಾಕ್ಟರೋ, ಆಸ್ಪತ್ರೆಯವರೋ, ಒಂದು ಡಬ್ಬಿ ಮಾತ್ರೆಯೋ ಎಂದು ನೋಡಿಕೊಂಡರೆ ಸಾಕಾಗುತ್ತಿತ್ತು.

ಪರೀಕ್ಷೆಯನ್ನು ಬೆಂಗಳೂರಿಗೆ ಹೋಗಿ ಬರೆದು ಬಂದೆ. ಆಲಿಸುವ ಭಾಗದಲ್ಲಿ ಬೇಕಾದ ದರ್ಜೆ ಬಂತು. ಹಿರಿಯೂರಿನವಳು ಈಗ ಮಾತನಾಡುವ ಭಾಗಕ್ಕೆ ತಯಾರಾಗುತ್ತಿದ್ದಾಳೆ, ನಾನು ರೋಗಿಯ ಪಾತ್ರ ವಹಿಸುತ್ತೇನೆ. ಕೇಳಲು ಕಲಿತದ್ದನ್ನೆಲ್ಲ ಬಾಯಿಗೂ ತರಬೇಕೆಂದು ಅವಳು ‘ಇಮ್’, ‘ಅರ್’ ಎಂದು ಹಕಾರ ನುಂಗಿ ಮಾತನಾಡಲು ಹೊರಟಿದ್ದಳು. ಅದನ್ನು ಬೇಡವೆಂದೆ, ‘ಹಿಮ್’ ಎಂದು ಬಿಡಿಸಿ ಹೇಳಿದರೆ ರೋಗಿಗೆ ಅರ್ಥವಾಗುತ್ತದೆ. ಪ್ರತ್ಯಯದ ವಿಷಯದಲ್ಲಿ ಮಾತ್ರ ಕೂಡಿಸಿಯೇ ಹೇಳು ಎನ್ನುತ್ತೇನೆ. ಕನ್ನಡದ ಪದಗಳು ಸ್ವರದಲ್ಲಿ ಮುಗಿಯುವುದರಿಂದ ಬಸ್ಸು, ಕಾರು ಎಂದಂತೆ ‘ಸ್ಟಾಪ್ಟ್’ ಎಂಬ ವ್ಯಂಜನಗಳ ರಾಶಿಯ ತುದಿಗೂ ನಾವು ಒಂದು ಸ್ವರವನ್ನು ಸೇರಿಸುತ್ತೇವೆ, ಇಲ್ಲವೇ ನಡುವೆ ತುರುಕಿ ‘ಸ್ಟಾಪಡ್’ ಎನ್ನುತ್ತೇವೆ. ಮುಂದೆ ‘ಇಟ್’ ಇದ್ದರೆ ಆ ಸ್ವರವನ್ನು ಎಲ್ಲಿಂದಲೋ ತರಬೇಕಾಗಿಲ್ಲ, ಇಕಾರ ಅಲ್ಲಿಯೇ ಇದೆ. “ಸ್ಟಾಪ್ ಅಂತ ನಿಲ್ಸು, ಆಮೇಲೆ ಟಿಟ್ ಅನ್ನು” ಎಂದೆ. ಮೊದಲು ನಕ್ಕಳು, ಆಮೇಲೆ ಅಂದಳು. ‘ವೆನ್ ಡಿಡ್ ಯು ಸ್ಟಾಪ್’ ಎಂಬ ಪ್ರಶ್ನೆಯಲ್ಲಿ ಪ್ರತ್ಯಯವೇ ಇರುವುದಿಲ್ಲವಾದ್ದರಿಂದ ಅಲ್ಲಿ ಟಿಟ್ ಬೇಡ ಎಂಬುದನ್ನು ಈ ವಾರ ನೋಡಬೇಕು.